ಗಡಿಯಂಚಿನ ಶಾಲೆಯಲ್ಲಿ ನಕ್ಷೆಯ ಪಾಠ

ನಕ್ಷೆಯ ಪಾಠ ಶುರುವಾಗುವುದು ಮೇಲಿನಿಂದ ನೋಡುವ ಅಭ್ಯಾಸದಿಂದ. ಚಿಕ್ಕ ಮಕ್ಕಳು ಮನೆ ಬರೆದರೆ ಬಾಗಿಲು, ಕಿಟಕಿ, ಹೆಂಚು ಎಲ್ಲವೂ ಎದುರಿನಿಂದ ಕಂಡಂತೆಯೇ ಇರುತ್ತವೆ. ಬೆಂಕಿಪೊಟ್ಟಣವನ್ನು ಹಾಳೆಯ ಮೇಲಿಟ್ಟು, ಸುತ್ತ ಗೆರೆ ಎಳೆಸಿ, ಪೊಟ್ಟಣ ಎತ್ತಿಬಿಟ್ಟರೆ ಉಳಿಯುವ ಆಯತವೇ ಅದರ ನಕ್ಷೆ ಎಂಬುದು ಹೊಳೆಯುತ್ತದೆ. ಮುಂದೆ ತರಗತಿ, ಅಂಗಳ, ಊರು, ತಾಲ್ಲೂಕು. ಆಂಧ್ರದ ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈ ದಾರಿ ಬಹುಬೇಗ ರಾಜ್ಯದ ಗಡಿ ಮುಟ್ಟುತ್ತದೆ.

ಎರಡನೆಯದು ದಿಕ್ಕು. ಗೋಡೆಗೆ ತೂಗುಹಾಕಿದ ನಕ್ಷೆಯನ್ನೇ ನೋಡುತ್ತಿದ್ದರೆ ಉತ್ತರವೆಂದರೆ ಮೇಲೆ, ದಕ್ಷಿಣವೆಂದರೆ ಕೆಳಗೆ ಎಂಬ ತಪ್ಪು ತಿಳಿವಳಿಕೆ ಬೇರೂರುತ್ತದೆ. ಅದನ್ನು ನೆಲದ ಮೇಲೆ ಹಾಸಿ, ಬೆಳಗಿನ ಸೂರ್ಯನನ್ನು ನೋಡಿ ದಿಕ್ಕು ಹೊಂದಿಸಿದರೆ ರಾಯದುರ್ಗದ ಮಗು ಉತ್ತರದ ಬಳ್ಳಾರಿಗೂ ಪಶ್ಚಿಮದ ಮೊಳಕಾಲ್ಮೂರಿಗೂ ನೇರ ಕೈತೋರಿಸಬಲ್ಲದು.

ಅಳತೆಗೆ ಹೆಜ್ಜೆ ಸಾಕು. ಚೌಕುಳಿ ಪುಸ್ತಕದಲ್ಲಿ ಒಂದು ಹೆಜ್ಜೆಗೆ ಒಂದು ಮನೆಯಂತೆ ತರಗತಿಯನ್ನು ಬರೆಯಬಹುದು. ಹತ್ತು ಹೆಜ್ಜೆಗೆ ಒಂದು ಮನೆ ಎಂದುಕೊಂಡರೆ ಅಂಗಳವೂ ಅದೇ ಪುಟದಲ್ಲಿ ಹಿಡಿಸುತ್ತದೆ. 1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ನೆಲದ 1 ಕಿ.ಮೀ. ಎಂದರೆ 2 ಸೆಂ.ಮೀ. ಎಂಬ ಲೆಕ್ಕಕ್ಕೆ ಇದೇ ಅಡಿಪಾಯ.

ಚಿಹ್ನೆಗಳ ಪಾಠಕ್ಕೆ ವೇದಾವತಿಯೇ ಒಳ್ಳೆಯ ಉದಾಹರಣೆ. ಹಗರಿ ಎಂದೂ ಕರೆಯುವ ಈ ಹೊಳೆಯಲ್ಲಿ ವರ್ಷದ ಬಹುಪಾಲು ಮರಳೇ. ಮಕ್ಕಳು ಮಾತ್ರ ಹೊಳೆ ಎಂದೊಡನೆ ನೀಲಿ ಬಳಿಯುತ್ತಾರೆ. ಸರ್ವೇಕ್ಷಣಾ ನಕ್ಷೆಗಳಲ್ಲಿ ನೀರಿರುವ ತೊರೆಗೆ ನೀಲಿ, ಒಣತೊರೆಗೆ ಕಪ್ಪು. ಕಂಡದ್ದನ್ನು ಗುರುತಿಸಿ, ಅದಕ್ಕೊಂದು ಸೂಚಿ ಬರೆಯುವುದು ಹೀಗೆ ಅಭ್ಯಾಸವಾಗುತ್ತದೆ.

ಗಡಿ ಮಾತ್ರ ಕಣ್ಣಿಗೆ ಕಾಣುವುದಲ್ಲ. ಬೆಟ್ಟ, ಕೆರೆಗಳನ್ನು ನೋಡಿ ಬರೆಯಬಹುದು. ಗಡಿಯನ್ನು ಕೇಳಿ ತಿಳಿದೇ ಬರೆಯಬೇಕು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರ ರಾಜ್ಯದ ಪಾಲಾಗಿ ಅನಂತಪುರ ಜಿಲ್ಲೆಗೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಊರುಗಳು ಇದ್ದಲ್ಲೇ ಇವೆ, ಗೆರೆಗಳು ಸರಿದಿವೆ. ಮಡಕಶಿರಾದಿಂದ ಉತ್ತರಕ್ಕೆ ಹೋದರೆ ಕರ್ನಾಟಕದ ಪಾವಗಡ, ಅದನ್ನೂ ದಾಟಿದರೆ ಮತ್ತೆ ಆಂಧ್ರದ ಕಲ್ಯಾಣದುರ್ಗ.

ರಾಜ್ಯವಾರು ನಕ್ಷೆಗಳಲ್ಲಿ ಗಡಿಯಾಚೆಯ ಭಾಗ ಸಾಮಾನ್ಯವಾಗಿ ಖಾಲಿ. ಹಾಗಾಗಿ ಇಲ್ಲಿನ ಮಕ್ಕಳಿಗೆ ಎರಡೂ ರಾಜ್ಯಗಳ ನಕ್ಷೆ ಬೇಕು. ಎರಡರ ಪ್ರಮಾಣ ಬೇರೆಬೇರೆ ಇದ್ದರೆ ಅಂಚಿಗೆ ಅಂಚು ಕೂಡುವುದಿಲ್ಲ. ಒಂದೇ ಪ್ರಮಾಣಕ್ಕೆ ಇಳಿಸಿ, ಸಂತೆ, ಬಸ್ಸು, ನೆಂಟರ ಊರುಗಳನ್ನೆಲ್ಲ ಸೇರಿಸಿ ಹೊಸದಾಗಿ ಬರೆಸಬೇಕು. ದಿಕ್ಕು, ಅಳತೆ, ಚಿಹ್ನೆ ಮೂರೂ ಒಟ್ಟಿಗೆ ಬಳಕೆಗೆ ಬರುವುದು ಈ ಕೆಲಸದಲ್ಲೇ.