ಸಫಾರಿಗೆ ಹೊರಡುವ ಮುನ್ನ: ಸಾರಕ್ಕಿಯ ಕುಟುಂಬಗಳಿಗೆ ಒಂದಿಷ್ಟು ಮಾಹಿತಿ

ಕರಾವಳಿಯಿಂದ ಬಂದು ಬೆಂಗಳೂರಿನ ಸಾರಕ್ಕಿ, ಜೆ.ಪಿ. ನಗರ, ಬನಶಂಕರಿ ಭಾಗದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ರಜೆ ಎಂದರೆ ಊರಿಗೆ ಹೋಗುವುದು. ಇತ್ತೀಚೆಗೆ ಮಕ್ಕಳು ಸಫಾರಿಗೂ ಹೋಗೋಣವೆಂದು ಕೇಳತೊಡಗಿದ್ದಾರೆ. ಧರ್ಮಕೇಂದ್ರದ ಪ್ರವಾಸ ಏರ್ಪಡಿಸುವವರಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

‘ಸಫಾರಿ’ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಪದ. ಅದರ ಅರ್ಥ ಪ್ರಯಾಣ. ಕೀನ್ಯಾದ ಮಸಾಯಿ ಮಾರಾ, ತಾಂಜಾನಿಯಾದ ಸೆರೆಂಗೆಟಿ ಬಯಲು ಹುಲ್ಲುಗಾವಲುಗಳು. ಅಲ್ಲಿ ದೂರದ ಪ್ರಾಣಿಯೂ ಕಣ್ಣಿಗೆ ಬೀಳುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ವಿಲ್ಡೆಬೀಸ್ಟ್‌ಗಳು ಮೇವು ಹುಡುಕುತ್ತಾ ವಲಸೆ ಹೋಗುತ್ತವೆ. ಮಾರಾದಲ್ಲಿ ಅವುಗಳನ್ನು ನೋಡಲು ಜುಲೈಯಿಂದ ಅಕ್ಟೋಬರ್ ತನಕ ಒಳ್ಳೆಯ ಕಾಲ. ಕೀನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಈ ಪ್ರಮಾಣಪತ್ರಕ್ಕೆ 2016ರಿಂದ ಜೀವಮಾನದ ಮಾನ್ಯತೆಯಿದೆ. ಅದಿಲ್ಲದೆ ಮರಳಿದರೆ ಭಾರತದ ವಿಮಾನ ನಿಲ್ದಾಣದಿಂದಲೇ 6 ದಿನಗಳವರೆಗೆ ಪ್ರತ್ಯೇಕ ವಾಸಕ್ಕೆ ಕಳುಹಿಸಬಹುದು.

ಅಷ್ಟು ದೂರದ ಖರ್ಚು ಎಲ್ಲರಿಗೂ ಸಾಧ್ಯವಿಲ್ಲ. ಸಾರಕ್ಕಿಯಿಂದ ಸುಮಾರು 15 ಕಿ.ಮೀ. ಅಂತರದಲ್ಲೇ ಬನ್ನೇರುಘಟ್ಟವಿದೆ. 1974ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಅದರ ಒಂದು ಭಾಗವನ್ನು ಬೇರ್ಪಡಿಸಿ ಜೈವಿಕ ಉದ್ಯಾನ ಮಾಡಲಾಯಿತು. ಸಫಾರಿ ನಡೆಯುವುದು ಈ ಜೈವಿಕ ಉದ್ಯಾನದಲ್ಲಿ. ಇಲ್ಲಿನ ಹುಲಿ, ಸಿಂಹ, ಕರಡಿಗಳು ದೊಡ್ಡ ಬೇಲಿಯೊಳಗೆ ಇಲಾಖೆಯ ಆರೈಕೆಯಲ್ಲಿವೆ. 2024ರಲ್ಲಿ ಚಿರತೆ ಸಫಾರಿಯೂ ಆರಂಭವಾಯಿತು. ಪುಟ್ಟ ಮಕ್ಕಳು ಮತ್ತು ಹಿರಿಯರು ಒಂದೇ ದಿನದಲ್ಲಿ ನೋಡಿ ಬರಬಹುದು. ಮಂಗಳವಾರ ರಜೆ ಎಂಬುದು ನೆನಪಿರಲಿ. ಬೇಲಿಯೊಳಗಿನ ಪ್ರಾಣಿಯೆಂದು ಸಲಿಗೆ ಬೇಡ. 2025ರ ಆಗಸ್ಟ್‌ನಲ್ಲಿ ಇಲ್ಲಿ ಸಫಾರಿ ವಾಹನದ ಕಿಟಕಿಯ ಬಳಿ ಚಿರತೆಯ ಉಗುರು ತಗುಲಿ ಬಾಲಕನೊಬ್ಬ ಗಾಯಗೊಂಡಿದ್ದ.

ನಿಜವಾದ ಕಾಡಿನ ಸಫಾರಿ ಬೇಕೆನ್ನುವವರು ನಾಗರಹೊಳೆ, ಬಂಡೀಪುರಗಳತ್ತ ನೋಡುತ್ತಾರೆ. ಕಬಿನಿ ಭಾಗ ಬೆಂಗಳೂರಿನಿಂದ 200 ಕಿ.ಮೀ.ಗೂ ದೂರ. ವಾಹನಗಳು ಬೆಳಿಗ್ಗೆ ಮತ್ತು ಸಂಜೆ ಮಾತ್ರ ಹೊರಡುವುದರಿಂದ ಹಿಂದಿನ ರಾತ್ರಿಯೇ ಸಮೀಪದಲ್ಲಿ ತಂಗಬೇಕು. ಭಾನುವಾರ ಸೇರಿದ್ದರೆ ಬಲಿಪೂಜೆಯ ಏರ್ಪಾಡನ್ನು ಮೊದಲೇ ವಿಚಾರಿಸಿಕೊಳ್ಳಿ. ಬೇಸಿಗೆಯಲ್ಲಿ ಹಿನ್ನೀರಿನ ದಡಕ್ಕೆ ಆನೆಗಳ ಹಿಂಡು ಇಳಿಯುತ್ತದೆ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಹಾಗೆಂದು ಹುಲಿ ಕಂಡೇ ಕಾಣುತ್ತದೆ ಎನ್ನಲಾಗದು. ನಮ್ಮದು ಮರಗಿಡಗಳ ದಟ್ಟ ಕಾಡು. ಹುಲಿ ಹತ್ತು ಮಾರು ದೂರದಲ್ಲಿದ್ದರೂ ಕಾಣದೆ ಹೋಗಬಹುದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿದರೆ ನಿರಾಶೆಯಾಗುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. 2025ರ ಅಕ್ಟೋಬರ್–ನವೆಂಬರ್‌ನಲ್ಲಿ ಕಾಡಂಚಿನ ಸರಗೂರು ತಾಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಸೆರೆಯ ಕೆಲಸಕ್ಕೆ ಬಳಸುವಂತೆ ಸೂಚಿಸಿದರು. ಸಫಾರಿ ವಾಹನಗಳ ಓಡಾಟದಿಂದಲೇ ಪ್ರಾಣಿಗಳು ಊರಿಗೆ ಬರುತ್ತಿವೆ ಎಂಬುದು ರೈತರ ದೂರು. ಸಫಾರಿ ನಿಂತರೆ ತಮ್ಮ ಅನ್ನ ಹೋಗುತ್ತದೆ ಎಂಬುದು ಚಾಲಕರ, ವಸತಿಗೃಹ ಕೆಲಸಗಾರರ ಅಳಲು. ಕಾಡಿನಲ್ಲಿ ಲಂಟಾನ ಹಬ್ಬಿ ಹುಲ್ಲು ಕಡಿಮೆಯಾಗಿರುವುದು, ಹೊಲಗಳು ಕಾಡಿಗೆ ತಾಗಿಕೊಂಡೇ ಇರುವುದು ಕೂಡ ಈ ಸಂಘರ್ಷದ ಕಾರಣಗಳಲ್ಲಿ ಸೇರಿವೆ. ಆದ್ದರಿಂದ ಮುಂಗಡ ಹಣ ಕಟ್ಟುವ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಿಂದಲೇ ಖಚಿತಪಡಿಸಿಕೊಳ್ಳಿ. ನಿಂತಿದ್ದರೆ ಬೇಸರಿಸದಿರಿ. ನಮಗೆ ತಪ್ಪುವುದು ಒಂದು ದಿನದ ಸಂತೋಷ ಮಾತ್ರ. ಅಲ್ಲಿ ಮನೆಯ ಯಜಮಾನನೇ ಹೊಲದಿಂದ ಹಿಂತಿರುಗಲಿಲ್ಲ.

ಕಾಡಿನಲ್ಲಿ ನಡೆದುಕೊಳ್ಳುವ ರೀತಿ ಸರಳ. ಗಾಢ ಬಣ್ಣದ ಬಟ್ಟೆ, ಸುಗಂಧ ಬೇಡ. ವಾಹನದಿಂದ ಇಳಿಯಬಾರದು, ಕೂಗಬಾರದು, ಕೈ ಹೊರಗೆ ಚಾಚಬಾರದು. ದಾರಿಯಲ್ಲಿ ಕೋತಿ, ಜಿಂಕೆಗಳಿಗೆ ತಿಂಡಿ ಎಸೆಯಬಾರದು. ಒಯ್ದ ಪ್ಲಾಸ್ಟಿಕ್ ನಮ್ಮೊಂದಿಗೇ ಮರಳಬೇಕು. ಹತ್ತಿರ ಹೋಗುವಂತೆ ಚಾಲಕನಿಗೆ ಹೆಚ್ಚಿನ ಹಣದ ಆಸೆ ತೋರಿಸುವುದು ಸರಿಯಲ್ಲ.

ಪೋಪ್ ಫ್ರಾನ್ಸಿಸರು 2015ರಲ್ಲಿ ‘ಲಾವ್ದಾತೊ ಸಿ’ ವಿಶ್ವಪತ್ರವನ್ನು ಹೊರಡಿಸಿ, ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥನೆಯ ದಿನವೆಂದು ನೇಮಿಸಿದರು. ಭೂಮಿಯ ನೋವು ಮತ್ತು ಬಡವರ ನೋವು ಬೇರೆಬೇರೆಯಲ್ಲ ಎಂಬುದು ಆ ಪತ್ರದ ಸಾರ. ಸಫಾರಿಗೆ ಹೋದಾಗ ಹುಲಿಯನ್ನಷ್ಟೇ ಹುಡುಕದೆ, ಕಾಡಿನ ಮೂಲನಿವಾಸಿಗಳಾದ ಜೇನು ಕುರುಬರ, ಅಂಚಿನ ರೈತರ ಬದುಕನ್ನೂ ಮಕ್ಕಳಿಗೆ ತಿಳಿಸೋಣ. ಮರಳಿ ಬಂದ ಮೇಲೆ ಕುಟುಂಬ ಪ್ರಾರ್ಥನೆಯಲ್ಲಿ ಅವರನ್ನೂ ನೆನೆಯೋಣ.