ಸ್ಟೋರ್ ಕೆಲಸ ಬಿಟ್ಟು ಬೆಟ್ಟ ಹತ್ತಿದ ಜಾನ್ ಫೀಲ್ಡರ್: ತನ್ನ ಫೋಟೋ ಪುಸ್ತಕ ತಾನೇ ಅಚ್ಚು ಹಾಕಿಸಿ ಗೆದ್ದದ್ದು ಹೇಗೆ?

ಬೆಟ್ಟ, ಕೆರೆ, ಮಂಜು, ಸೂರ್ಯೋದಯದ ಫೋಟೋ ಅಂದ್ರೆ ಎಲ್ಲರಿಗೂ ಇಷ್ಟ. ಸ್ಟೇಟಸ್‌ಗೆ ಹಾಕ್ತಾರೆ, ಲೈಕ್ ಕೊಡ್ತಾರೆ. ದುಡ್ಡು ಕೊಟ್ಟು ಕೊಳ್ಳೋರು ಮಾತ್ರ ಕಮ್ಮಿ. ಮದುವೆ ಫೋಟೋಗೆ ಅಡ್ವಾನ್ಸ್ ಕೊಡೋರು ಸಿಗ್ತಾರೆ, ಬೆಟ್ಟದ ಫೋಟೋಗೆ ಯಾರು ಕೊಡ್ತಾರೆ?

ಅಮೆರಿಕದ ಕೊಲರಾಡೋ ರಾಜ್ಯದ ಜಾನ್ ಫೀಲ್ಡರ್ ಬರೀ ಬೆಟ್ಟ, ಕಣಿವೆ, ಹೂವಿನ ಬಯಲು ತೆಗೆದೇ ನಲವತ್ತು ವರ್ಷ ಬದುಕಿದರು. 2023ರ ಆಗಸ್ಟ್‌ನಲ್ಲಿ ತೀರಿಕೊಂಡ ಇವರ ಕಥೆ ಕ್ಯಾಮೆರಾ ಹಿಡಿದವರಿಗಿಂತ ಅಂಗಡಿ ಇಟ್ಟವರಿಗೆ ಬೇಗ ಅರ್ಥ ಆಗುತ್ತೆ.

ಓದಿದ್ದು ಅಕೌಂಟಿಂಗ್

ಫೀಲ್ಡರ್ ಹುಟ್ಟಿದ್ದು 1950ರಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಓದಿ, ಡಿಪಾರ್ಟ್‌ಮೆಂಟ್ ಸ್ಟೋರ್ ವ್ಯವಹಾರಕ್ಕೆ ಸೇರಿದರು. ಫೋಟೋಗ್ರಫಿಯನ್ನ ಯಾವ ಕಾಲೇಜಲ್ಲೂ ಓದಿಲ್ಲ, ಬಿಡುವಿದ್ದಾಗ ಬೆಟ್ಟ ಸುತ್ತಿ ತಾವೇ ಕಲಿತದ್ದು. 1981ರಲ್ಲಿ ಸಂಬಳದ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿದರು. ಬೇರೆ ಪ್ರಕಾಶಕರ ಬಾಗಿಲು ಕಾಯುತ್ತಾ ಕೂರದೆ ‘ವೆಸ್ಟ್‌ಕ್ಲಿಫ್ ಪಬ್ಲಿಷರ್ಸ್’ ಅಂತ ಸ್ವಂತ ಪ್ರಕಾಶನ ಶುರು ಮಾಡಿದರು. ಪುಸ್ತಕದ ಜೊತೆ ಕ್ಯಾಲೆಂಡರನ್ನೂ ತಂದರು.

ಸ್ವಂತ ಪ್ರಕಾಶನದ ಲೆಕ್ಕ ಏನು?

ಪ್ರಕಾಶಕರಿಗೆ ಪುಸ್ತಕ ಕೊಟ್ಟರೆ ಖರ್ಚು ಅವರದ್ದು, ನಷ್ಟವೂ ಅವರದ್ದೇ. ಆದ್ರೆ ಲಾಭದಲ್ಲಿ ನಿಮಗೆ ಸಿಗೋದು ಸಣ್ಣ ಪಾಲು. ನೀವೇ ಮಾಡಿದ್ರೆ ಲಾಭ ಪೂರ್ತಿ ನಿಮ್ಮದು, ಗೋಡೌನಲ್ಲಿ ಉಳಿದ ಬಂಡಲ್‌ಗಳೂ ನಿಮ್ಮದೇ.

ಕಲರ್ ಪುಸ್ತಕದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಆಫ್‌ಸೆಟ್ ಪ್ರೆಸ್ಸಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಅಂತ ನಾಲ್ಕು ಇಂಕಿಗೆ ನಾಲ್ಕು ಪ್ಲೇಟ್ ಬೇಕು. 500 ಪ್ರತಿ ಹಾಕಿಸಿ, 5,000 ಹಾಕಿಸಿ, ಪ್ಲೇಟ್ ಮತ್ತು ಮಿಷನ್ ರೆಡಿ ಮಾಡೋ ಖರ್ಚು ಹೆಚ್ಚುಕಮ್ಮಿ ಒಂದೇ. ಹಾಗಾಗಿ ಜಾಸ್ತಿ ಹಾಕಿಸಿದಷ್ಟೂ ಒಂದು ಪ್ರತಿಗೆ ಬೀಳೋ ಖರ್ಚು ಇಳಿಯುತ್ತೆ, ಆದ್ರೆ ಮೊದಲೇ ಸುರಿಯಬೇಕಾದ ದುಡ್ಡು ಏರುತ್ತೆ. ಬಣ್ಣ ಸ್ವಲ್ಪ ಕೆಟ್ಟರೂ ಇಡೀ ಲಾಟ್ ಕೆಟ್ಟ ಹಾಗೆ. ಮಾರೋ ಅಂಗಡಿಗೆ ಕಮಿಷನ್ ಬೇರೆ ಬಿಡಬೇಕು.

ಕ್ಯಾಲೆಂಡರ್ ಇನ್ನೊಂದು ತರ. ಶಿವಕಾಶಿಯಿಂದ ಅಂಗಡಿ ಹೆಸರು ಹಾಕಿಸಿ ಕ್ಯಾಲೆಂಡರ್ ತರಿಸೋ ನಮ್ಮ ವ್ಯಾಪಾರಿಗಳಿಗೆ ಇದು ಗೊತ್ತು: ಡಿಸೆಂಬರಲ್ಲಿ ಕೈಬಿಡದ ಮಾಲು ಫೆಬ್ರವರಿಗೆ ರದ್ದಿ. ಸ್ಟೋರಲ್ಲಿ ವರ್ಷಗಟ್ಟಲೆ ಸ್ಟಾಕ್ ನೋಡಿದ ಮನುಷ್ಯನಿಗೆ ಈ ವ್ಯವಹಾರ ಹೊಸದೇನೂ ಆಗಿರಲಿಲ್ಲ. ಅವರ ಪುಸ್ತಕಗಳು ಕೊನೆಗೆ ನಲವತ್ತು ದಾಟಿದವು.

ಹೊಡೆತ ತಿಂದ ಹಿರಿಯನ ಹಾದಿ

ಫೀಲ್ಡರ್‌ಗೆ ದೊಡ್ಡ ಹೆಸರು ತಂದದ್ದು 1999ರ ‘ಕೊಲರಾಡೋ 1870–2000’ ಪುಸ್ತಕ. ಇದರ ಹಿಂದೆ ಇನ್ನೊಬ್ಬ ಫೋಟೋಗ್ರಾಫರ್ ಇದ್ದಾರೆ, ವಿಲಿಯಂ ಹೆನ್ರಿ ಜ್ಯಾಕ್ಸನ್ (1843–1942). 1870ರ ದಶಕದಲ್ಲಿ ಸರ್ಕಾರಿ ಸರ್ವೆ ತಂಡದ ಜೊತೆ ಗಾಜಿನ ಪ್ಲೇಟುಗಳನ್ನ ಹೇಸರಗತ್ತೆ ಮೇಲೆ ಹೇರಿಕೊಂಡು ಹೋಗಿ ಫೋಟೋ ತೆಗೆದವರು. ಒಮ್ಮೆ ಕತ್ತೆ ಮುಗ್ಗರಿಸಿ ಪ್ಲೇಟುಗಳು ಒಡೆದು ಹೋದಾಗ, ವಾಪಸ್ ಹೋಗಿ ಮತ್ತೆ ತೆಗೆದರು. 1893ರ ಆರ್ಥಿಕ ಕುಸಿತದ ನಂತರ ಅವರ ಡೆನ್ವರ್ ಸ್ಟುಡಿಯೋ ವ್ಯವಹಾರ ಸೊರಗಿತು. ಆಮೇಲೆ ಸೇರಿಕೊಂಡ ಡೆಟ್ರಾಯಿಟ್‌ನ ಪೋಸ್ಟ್‌ಕಾರ್ಡ್ ಕಂಪನಿಯೂ 1924ರಲ್ಲಿ ಮುಳುಗಿತು. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು.

ಜ್ಯಾಕ್ಸನ್ ನಿಂತ ಜಾಗಗಳನ್ನ ಹುಡುಕಿ, ಅಲ್ಲೇ ನಿಂತು ಫೀಲ್ಡರ್ ಮತ್ತೆ ಕ್ಲಿಕ್ಕಿಸಿದರು. ಹೇಳಿದಷ್ಟು ಸುಲಭದ ಕೆಲಸ ಅಲ್ಲ. ಎದುರಿಗಿನ ಬಂಡೆಗೂ ಹಿಂದಿನ ಶಿಖರಕ್ಕೂ ಹಳೇ ಫೋಟೋದಲ್ಲಿರೋ ಹಾಗೇ ತಾಳೆ ಬರಬೇಕು. ನಾಲ್ಕು ಹೆಜ್ಜೆ ಆಚೀಚೆ ಆದ್ರೂ ಹೊಂದಲ್ಲ. ಹಳೇದು ಒಂದು ಕಡೆ, ಹೊಸದು ಪಕ್ಕದಲ್ಲಿ ಇಟ್ಟಾಗ ಯಾರೂ ವಿವರಿಸೋದೇ ಬೇಕಿಲ್ಲ. ಎಲ್ಲಿ ಊರು ಬೆಳೆದಿದೆ, ಎಲ್ಲಿ ಗಣಿ ಕಾಲದಲ್ಲಿ ಕಡಿದ ಕಾಡು ಮತ್ತೆ ಎದ್ದಿದೆ ಅಂತ ಕಣ್ಣಿಗೇ ಕಾಣುತ್ತೆ. ಈ ಪುಸ್ತಕ ಕೊಲರಾಡೋದಲ್ಲಿ ತುಂಬಾ ಚೆನ್ನಾಗಿ ಮಾರಾಟವಾಯ್ತು.

ಲಾಟರಿ ದುಡ್ಡು ಬೆಟ್ಟಕ್ಕೆ

ನಮ್ಮಲ್ಲಿ ಲಾಟರಿ ಅಂದ್ರೆ ಮನೆ ಹಾಳಾದ ಕಥೆಗಳೇ ನೆನಪು. ಕರ್ನಾಟಕದಲ್ಲಿ 2007ರಲ್ಲಿ ಅದು ನಿಂತೂ ಹೋಯ್ತು. ಕೊಲರಾಡೋದಲ್ಲಿ 1992ರಲ್ಲಿ ಜನ ಮತ ಹಾಕಿ, ಸರ್ಕಾರಿ ಲಾಟರಿ ಲಾಭದ ಒಂದು ಪಾಲನ್ನ ಪಾರ್ಕು, ನದಿ, ಬಯಲು ಉಳಿಸೋಕೆ ಮೀಸಲಿಟ್ಟರು. ಇದರ ಪರ ಓಡಾಡಿದವರಲ್ಲಿ ಫೀಲ್ಡರ್ ಒಬ್ಬರು. ಫೋಟೋ ಇಲ್ಲಿ ಪ್ರಚಾರದ ಕೆಲಸಕ್ಕೂ ಬಂತು. 1993ರಲ್ಲಿ ಸಿಯೆರಾ ಕ್ಲಬ್ ಅವರಿಗೆ ಆನ್ಸೆಲ್ ಆಡಮ್ಸ್ ಪ್ರಶಸ್ತಿ ಕೊಟ್ಟಿತು.

ಮನೆಯಲ್ಲಿ ಮಾತ್ರ ಕಷ್ಟ ತಪ್ಪಲಿಲ್ಲ. ಮರೆವಿನ ಕಾಯಿಲೆ ಅಲ್ಝೈಮರ್ಸ್ ಹೆಂಡತಿಯನ್ನ ತೆಗೆದುಕೊಂಡಿತು. ಮಗನನ್ನೂ ಕಳೆದುಕೊಂಡರು. ಆದ್ರೂ ಬೆಟ್ಟ ಹತ್ತೋದು, ಪುಸ್ತಕ ತರೋದು ನಿಲ್ಲಿಸಲಿಲ್ಲ. ಕೊನೆಗೆ ಅವರಿಗೇ ಕ್ಯಾನ್ಸರ್ ಬಂತು.

ಕೊನೆಯ ವರ್ಷ ಅವರು ಒಂದು ದೊಡ್ಡ ಕೆಲಸ ಮುಗಿಸಿದರು. ಜೀವನವಿಡೀ ತೆಗೆದದ್ದರಲ್ಲಿ ಆರಿಸಿದ 5,000ಕ್ಕೂ ಹೆಚ್ಚು ಫೋಟೋಗಳನ್ನ ‘ಹಿಸ್ಟರಿ ಕೊಲರಾಡೋ’ ಸಂಸ್ಥೆಗೆ ದಾನ ಕೊಟ್ಟರು. ಜ್ಯಾಕ್ಸನ್ ಅವರ ಅನೇಕ ಗಾಜಿನ ಪ್ಲೇಟುಗಳು ಇರೋದೂ ಇದೇ ಸಂಸ್ಥೆಯಲ್ಲಿ. ನೂರು ವರ್ಷ ಬಿಟ್ಟು ಇನ್ಯಾರೋ ಬಂದು ಫೀಲ್ಡರ್ ನಿಂತ ಜಾಗ ಹುಡುಕಬಹುದು.

ನಮ್ಮೂರಿಗೆ ಏನು ಉಪಯೋಗ?

ಪುಸ್ತಕ ಅಚ್ಚು ಹಾಕಿಸೋಕೆ ಎಲ್ಲರಿಗೂ ಆಗಲ್ಲ. ಆದ್ರೆ ಹಳೇ ಸ್ಟುಡಿಯೋಗಳಲ್ಲಿ, ಮನೆ ಟ್ರಂಕುಗಳಲ್ಲಿ ಊರಿನ ಕೆರೆ, ಸಂತೆ ಮೈದಾನ, ಪೇಟೆ ಬೀದಿಯ ಫೋಟೋ ಇದ್ದರೆ ಎಸೆಯಬೇಡಿ. ಹಿಂದೆ ಇಸವಿ ಮತ್ತು ಜಾಗದ ಹೆಸರು ಬರೆದಿಡಿ. ಅದೇ ಜಾಗದಲ್ಲಿ ನಿಂತು ಮೊಬೈಲಲ್ಲಿ ಇವತ್ತಿನ ಫೋಟೋ ತೆಗೆದು, ಒರಿಜಿನಲ್ ಫೈಲ್ ಬೇರೆ ಇಟ್ಟುಕೊಳ್ಳಿ, ವಾಟ್ಸಾಪಲ್ಲಿ ಕಳಿಸಿದ್ದು ಗಾತ್ರ ಕುಗ್ಗಿರುತ್ತೆ. ಮುಂದಿನ ವರ್ಷದ ಕ್ಯಾಲೆಂಡರ್ ಮಾಡಿಸೋ ಅಂಗಡಿಯವರು ಒಮ್ಮೆ ಯೋಚಿಸಬಹುದು: ಯಾವುದೋ ಸ್ವಿಟ್ಜರ್ಲೆಂಡ್ ಬೆಟ್ಟದ ಬದಲು ನಮ್ಮ ಕೆರೆಯ ಆಗಿನ ಚಿತ್ರ, ಈಗಿನ ಚಿತ್ರ ಹಾಕಿಸಿದ್ರೆ ಗಿರಾಕಿ ವರ್ಷ ಕಳೆದರೂ ಗೋಡೆಯಿಂದ ತೆಗೆಯಲಿಕ್ಕಿಲ್ಲ.