ಗೌರಿಬಿದನೂರಿನ ನೆಲಗಿವಿ

ಚಿಕ್ಕಬಳ್ಳಾಪುರವೆಂದೊಡನೆ ನಂದಿಬೆಟ್ಟ, ಶಿಡ್ಲಘಟ್ಟವೆಂದೊಡನೆ ರೇಷ್ಮೆಗೂಡು, ಚಿಂತಾಮಣಿಯೆಂದೊಡನೆ ಕೈವಾರ ನೆನಪಾಗುವುದು ಸಹಜ. ಆದರೆ ಇದೇ ಸೀಮೆಯ ಗೌರಿಬಿದನೂರಿನಲ್ಲಿ, ಸಾವಿರಾರು ಮೈಲಿಗಳಾಚೆ ಗುಟ್ಟಾಗಿ ಸಿಡಿಸಿದ ಅಣುಬಾಂಬಿನ ಕಂಪನವನ್ನು ನೆಲದ ಮೂಲಕ ಆಲಿಸುವ ಯಂತ್ರಗಳಿವೆಯೆಂಬುದನ್ನು ಬಲ್ಲವರು ವಿರಳ.

1963ರ ಮಾಸ್ಕೋ ಒಪ್ಪಂದವು ವಾಯುಮಂಡಲ, ಅಂತರಿಕ್ಷ ಮತ್ತು ಸಮುದ್ರದೊಳಗಿನ ಅಣುಪರೀಕ್ಷೆಗಳನ್ನು ನಿಷೇಧಿಸಿ, ನೆಲದಡಿಯ ಪರೀಕ್ಷೆಯನ್ನು ಮಾತ್ರ ಬಿಟ್ಟುಬಿಟ್ಟಿತು. ಕದ್ದು ಸಿಡಿಸಿದ ಬಾಂಬನ್ನು ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಹೇಗೆಂಬ ತೊಡಕು ಅಂದು ಬಗೆಹರಿದಿರಲಿಲ್ಲ. ಆ ದಶಕದ ನಡುವಿನಲ್ಲಿಯೇ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದ ಗೌರಿಬಿದನೂರಿನ ಕೇಂದ್ರವು ಸ್ಥಾಪಿತವಾಯಿತು. ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಇದರ ಒಡಹುಟ್ಟಿದ ಕೇಂದ್ರಗಳುಂಟು. ಇಲ್ಲಿಯದು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸೇರಿದುದು.

ಕಡಲಿನ ಅಬ್ಬರದಿಂದ ದೂರವಾದ ಈ ನೆಲದಡಿ ಅತಿ ಪುರಾತನವಾದ ಗಟ್ಟಿ ಬಂಡೆಯಿದೆ. ಅದರ ಮೇಲೆ 20 ಕಂಪನಮಾಪಕಗಳನ್ನು ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ಹರಡಲಾಗಿದೆ. ಒಂದೊಂದು ತೋಳಿನ ಉದ್ದ 20 ಕಿಲೋಮೀಟರಿಗೂ ಮಿಕ್ಕಿದುದು. ದೂರದಿಂದ ಬಂದ ಅಲೆಯು ಒಂದು ಯಂತ್ರವನ್ನು ಮುಟ್ಟಿದ ಕ್ಷಣಾರ್ಧದ ಮೇಲೆ ಇನ್ನೊಂದನ್ನು ಮುಟ್ಟುತ್ತದೆ. ಆ ಅಂತರದಿಂದ ಅಲೆಯ ದಿಕ್ಕೂ ದೂರವೂ ತಿಳಿಯುತ್ತವೆ. ಅಂತರವನ್ನು ಸರಿದೂಗಿಸಿ ಇಪ್ಪತ್ತು ದಾಖಲೆಗಳನ್ನು ಕೂಡಿಸಿದರೆ ನಿಜವಾದ ಅಲೆ ಬಲಿಯುತ್ತದೆ. ಗಾಳಿ, ಗಾಡಿಗಳ ಗದ್ದಲ ಉಡುಗುತ್ತದೆ. ಭೂಕಂಪದಲ್ಲಿ ಬಂಡೆಗಳು ಒಂದರಮೇಲೊಂದು ಜಾರುವುದರಿಂದ ಕೆಲವು ದಿಕ್ಕುಗಳಿಗೆ ತಳ್ಳಾಟ, ಕೆಲವಕ್ಕೆ ಸೆಳೆತ. ಬಾಂಬಾದರೋ ಎಲ್ಲ ದಿಕ್ಕಿಗೂ ತಳ್ಳುತ್ತದೆ. ಅಲ್ಲದೆ ಅದು ಎಬ್ಬಿಸುವ ಮೇಲ್ನೆಲದ ಅಲೆಗಳು ಭೂಕಂಪದವುಗಳಿಗಿಂತ ಕ್ಷೀಣ.

1998ರ ಮೇ 28ರಂದು ಪಾಕಿಸ್ತಾನವು ಚಾಗೈ ಜಿಲ್ಲೆಯ ಬೆಟ್ಟದಡಿ ನಡೆಸಿದ ಪರೀಕ್ಷೆಯೂ ಇಲ್ಲಿ ದಾಖಲಾಯಿತು. ಸಿಡಿತವನ್ನು ಮುಚ್ಚಿಡುವುದು ಕಷ್ಟವೇ ಸರಿ. ಅದರ ಬಲವೆಷ್ಟೆಂಬುದು ಮಾತ್ರ ವಿವಾದಕ್ಕೆ ಎಡೆಗೊಡುತ್ತದೆ. ಅದೇ ಮೇ 11ರ ಪೋಖ್ರಾನ್ ಪರೀಕ್ಷೆಯ ಬಲವನ್ನು ವಿದೇಶೀ ತಜ್ಞರನೇಕರು ಭಾರತ ಹೇಳಿದ್ದಕ್ಕಿಂತ ಬಹಳ ಕಡಿಮೆಯೆಂದೇ ಎಣಿಸಿದರು. ಭಾರತವು 1996ರ ಸಮಗ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕದಿರುವುದರಿಂದ, ಅದರ ಜಾಗತಿಕ ಜಾಲದಲ್ಲಿ ಗೌರಿಬಿದನೂರಿಗೆ ಸ್ಥಾನವಿಲ್ಲ.

ರಾಷ್ಟ್ರಗಳ ಗುಟ್ಟನ್ನು ಬಯಲಿಗೆಳೆಯುವ ಈ ಕಿವಿ, ಕಳ್ಳನ ಕೈ ಸೇರಿದ ಬಾಂಬಿನ ಮುಂದೆ ಕಿವುಡು. ಕಳ್ಳನು ಪರೀಕ್ಷೆ ನಡೆಸಬೇಕಾಗಿಲ್ಲ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಯುರೇನಿಯಂ ಬಾಂಬಿನ ಮಾದರಿಯನ್ನು ಅದಕ್ಕೆ ಮುಂಚೆ ಒಮ್ಮೆಯೂ ಸಿಡಿಸಿ ನೋಡಿರಲಿಲ್ಲ. ಅಂತಹುದರ ಮೊದಲ ಕಂಪನವು ಗೌರಿಬಿದನೂರನ್ನು ಮುಟ್ಟುವ ಹೊತ್ತಿಗೆ ಊರೊಂದು ಉರಿದುಹೋಗಿರುತ್ತದೆ.